ಏಡಿಗೆ ಬೀಳ್ಕೊಡುಗೆ

ಲಮಿ ಎಂಬ ಕಡಲದಡದ ಊರಿನ ಕಮಿನಿಯೇಲಿ ಎಂಬಾತ ಹುಟ್ಟಿದಾಗಿನಿಂದ ಯಾರಿಗೂ ‘ಇಲ್ಲ’ ಎಂದವನಲ್ಲ. ಇದು ಅವನ ಮೇಲೆ ಯಾರೋ ಹೊರಿಸಿದ ಆರೋಪವಲ್ಲ, ಅವನೇ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಹೆಗ್ಗಳಿಕೆ. ನಮ್ಮಲ್ಲಿ ನೆಂಟನೊಬ್ಬ ಬಂದು ‘ಕೆರೆಕೆರೆ’ ಎಂದು ಕೇಳಿಬಿಟ್ಟರೆ ಆ ವಸ್ತು ಅವನದೇ. ಕೊಡುವುದಿಲ್ಲವೆಂದರೆ ಮೂರು ತಲೆಮಾರಿನ ಮಾನ ಹೋಗುತ್ತದೆ. ಆದರೂ ಉಳಿದವರು ಹುಲ್ಲು ಕತ್ತರಿಸುವ ಯಂತ್ರವನ್ನು ಮಂಚದ ಕೆಳಗೆ ತಳ್ಳಿ, ‘ಅಯ್ಯೋ, ನಿನ್ನೆ ತಾನೇ ಕೆಟ್ಟುಹೋಯಿತು’ ಎನ್ನುವಷ್ಟು ಲೋಕಜ್ಞಾನ ಇಟ್ಟುಕೊಂಡಿರುತ್ತಾರೆ. ಕಮಿನಿಯೇಲಿಗೆ ಅದೂ ಇರಲಿಲ್ಲ. ಅವನ ಹುಲ್ಲಿನ ಯಂತ್ರ ದಾಯಾದಿಯ ಅಂಗಳದಲ್ಲಿತ್ತು, ಗ್ಯಾಸ್ ಸಿಲಿಂಡರು ಹಿಂದಿನ ಬೀದಿಯಲ್ಲಿತ್ತು, ಚರ್ಚಿಗೆ ಉಡುವ ಒಳ್ಳೆಯ ಸುಲು ಪಂಚೆ ಭಾವಮೈದ ಇನೋಕೆಯ ಸೊಂಟದಲ್ಲಿತ್ತು. ಭಾನುವಾರ ಪ್ರಾರ್ಥನೆಯ ನಡುವೆ ಅವನು ಕಣ್ಣು ಬಿಟ್ಟರೆ ಮುಂದಿನ ಮೂರು ಸಾಲುಗಳಲ್ಲಿ ಅವನದೇ ಬಟ್ಟೆಗಳು ದೇವರನ್ನು ಸ್ತುತಿಸುತ್ತಿರುತ್ತಿದ್ದವು.

“ನನ್ನನ್ನ ಇನ್ನೂ ಯಾರೂ ಕೇಳಿಲ್ಲ, ಅದಕ್ಕೆ ಈ ಮನೇಲಿದೀನಿ” ಎಂದು ಅವನ ಹೆಂಡತಿ ಆರಿಯೇತಾ ಆಗಾಗ ಹೇಳುತ್ತಿದ್ದಳು. ಕಮಿನಿಯೇಲಿ ಇದನ್ನು ಪ್ರಶಂಸೆ ಎಂದೇ ತಿಳಿದಿದ್ದ.

ಇಂಥ ಮನೆಗೆ ಕಂಪ್ಯೂಟರ್ ಬಂತು. ಬಂದರಿನ ಗೋದಾಮಿನ ಗುಮಾಸ್ತಿಕೆಯಿಂದ ನಿವೃತ್ತನಾದ ವರ್ಷ, ಬಾಗಿಲು ಹಾಕುತ್ತಿದ್ದ ಯಾವುದೋ ಕಚೇರಿಯಿಂದ ಅದನ್ನು ಅವನು ಅಗ್ಗಕ್ಕೆ ತಂದ. ಬೀದಿಗೆ ಅದೇ ಮೊದಲನೆಯದು. ಮೇಜಿನ ಮೇಲೆ ಇಡೋಣವೆಂದರೆ ಒಂದು ತೊಡಕಿತ್ತು. ಅವನ ಸೋದರತ್ತೆ ಮಕೆರೇತ ದಿನಕ್ಕೆರಡು ಸಲ ಬಂದು ಚಾಪೆಯ ಮೇಲೆ ಕೂರುತ್ತಿದ್ದಳು. ಹಿರಿಯರು ಚಾಪೆಯ ಮೇಲಿರುವಾಗ ಕುರ್ಚಿಯ ಮೇಲೆ ಕೂತು ಅವರ ತಲೆಗಿಂತ ಎತ್ತರದಲ್ಲಿ ತಲೆ ಇಡುವುದುಂಟೆ? ಹಾಗಾಗಿ ಕಂಪ್ಯೂಟರನ್ನು ಒಂದು ಹಣ್ಣಿನ ಪೆಟ್ಟಿಗೆಯ ಮೇಲೆ, ನೆಲದಿಂದ ಮೊಣಕಾಲೆತ್ತರದಲ್ಲಿ ಪ್ರತಿಷ್ಠಾಪಿಸಲಾಯಿತು. ಲಮಿಯಲ್ಲಿ ಇಂಟರ್ನೆಟ್ ಎಂಬುದನ್ನು ಚಕ್ಕಂಬಕ್ಕಳ ಹಾಕಿ, ಬೆನ್ನು ಬಗ್ಗಿಸಿ, ವಿನಯದಿಂದಲೇ ನೋಡಬೇಕಾಗಿತ್ತು.

ಮೂರನೆಯ ದಿನ ಪರದೆಯ ಮೇಲೆ ಒಂದು ಏಡಿ ಕಾಣಿಸಿಕೊಂಡಿತು. ಕೋಟು ತೊಟ್ಟ, ಟೋಪಿ ಇಟ್ಟ, ನಗುಮುಖದ ಏಡಿ. ‘ನಮಸ್ಕಾರ! ನಾನು ನಿಮ್ಮ ಕಂಪ್ಯೂಟರಿನಲ್ಲಿ ಇರಬಹುದೇ? ದಯವಿಟ್ಟು!’ ಎಂದು ಅದರ ಬಾಯಿಂದ ಮಾತು ಹೊರಟಿತ್ತು. ಕೆಳಗೆ ಎರಡು ಗುಂಡಿ, ‘ಹೌದು’ ಒಂದು, ‘ಬೇಡ’ ಇನ್ನೊಂದು.

ಕಮಿನಿಯೇಲಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. “ನೋಡೇ ಆರಿಯೇತಾ, ಎಂಥ ಮರ್ಯಾದಸ್ಥ ಪ್ರಾಣಿ! ಬಾಗಿಲಲ್ಲಿ ನಿಂತು ಕೇಳ್ತಾ ಇದೆ. ನಿನ್ನ ತಮ್ಮ ಯಾವತ್ತಾದ್ರೂ ಕೇಳಿ ಒಳಗೆ ಬಂದಿದಾನಾ?”

“ಕೇಳದಿದ್ರೂ ಸಿಗುತ್ತೆ ಅಂತ ಅವನಿಗೆ ಗೊತ್ತು. ಈ ಏಡಿ ಊರಿಗೆ ಹೊಸದು, ಪಾಪ” ಎಂದಳು ಆರಿಯೇತಾ.

ಅವನು ‘ಹೌದು’ ಒತ್ತಿದ. ‘ತುಂಬಾ ಧನ್ಯವಾದ! ನೀವು ದೊಡ್ಡ ಮನಸ್ಸಿನವರು!’ ಎಂದು ಏಡಿ ಟೋಪಿ ಎತ್ತಿತು. ಮೂವತ್ತು ವರ್ಷ ಗೋದಾಮಿನಲ್ಲಿ ದುಡಿದವನಿಗೆ ಒಬ್ಬ ಮೇಲಧಿಕಾರಿಯೂ ಹೇಳದ ಮಾತನ್ನು ಏಡಿ ಹೇಳಿತ್ತು. ಆ ರಾತ್ರಿ ಊಟದಲ್ಲಿ ಅವನು ಎರಡು ತುಂಡು ಮರಗೆಣಸು ಹೆಚ್ಚಿಗೆ ತಿಂದ.

ಏಡಿ ಒಂಟಿಯಾಗಿ ಇರುವ ಪೈಕಿಯಲ್ಲ. ‘ನನ್ನ ಗೆಳೆಯ ಬರಬಹುದೇ?’ ಎಂದಿತು. ಹೌದು. ‘ಅವನ ತಂಗಿ?’ ಅಗತ್ಯವಾಗಿ. ಹವಾಮಾನ ಹೇಳುವವರು ಬಂದರು, ಭವಿಷ್ಯ ಹೇಳುವವರು ಬಂದರು, ಬಹುಮಾನ ಹಂಚುವವರು ಬಂದರು, ಮೈ ಇಳಿಸುವ ಚಹಾ ಮಾರುವವರು ಬಂದರು. ಒಬ್ಬೊಬ್ಬರೂ ಪರದೆಯ ನೆತ್ತಿಯಲ್ಲಿ ಒಂದೊಂದು ಪಟ್ಟಿ ಹಾಸಿಕೊಂಡು ಕೂತರು. ಎರಡು ತಿಂಗಳಲ್ಲಿ ಏಳು ಪಟ್ಟಿಗಳಾಗಿ, ಓದುವುದಕ್ಕೆಂದು ಅಡಿಯಲ್ಲಿ ನಾಲ್ಕು ಬೆರಳು ಜಾಗ ಉಳಿಯಿತು. ಪತ್ರಿಕೆ ತೆರೆದರೆ ಒಂದು ಸಲಕ್ಕೆ ಒಂದೂವರೆ ಸಾಲು ಕಾಣುತ್ತಿತ್ತು. ಆಮೇಲೆ ಅದೂ ಕಾಣದಾಯಿತು. ಏಕೆಂದರೆ ಯಾವ ವಿಳಾಸ ಬರೆದರೂ ಏಡಿಯದೇ ಪುಟ ಬಂದು, ‘ನೀವು ಹುಡುಕುತ್ತಿದ್ದುದು ಇದೇ ಅಲ್ಲವೇ?’ ಎಂದು ಮೈ ಇಳಿಸುವ ಚಹಾ ತೋರಿಸುತ್ತಿತ್ತು.

“ಇದು ಹಠ ಅಲ್ಲ, ಉಪಚಾರ” ಎಂದು ಕಮಿನಿಯೇಲಿ ಬಂದವರಿಗೆಲ್ಲ ವಿವರಿಸುತ್ತಿದ್ದ.

ಆಗ ಅವನ ಮಗಳು ಉನೈಸಿಗೆ ಹದಿನೆಂಟು. ಸಣ್ಣವಳಿದ್ದಾಗಿನಿಂದ ಕೊಲ್ಲಿಯ ದಡದಲ್ಲಿ ನಿಂತು ಹಡಗುಗಳ ಹೆಸರು ಬರೆದುಕೊಂಡವಳು. ಹಡಗು ನಡೆಸುವುದನ್ನು ಕಲಿಯಬೇಕೆಂಬುದೊಂದೇ ಅವಳ ಆಸೆ. ಇನ್ನೊಂದು ದ್ವೀಪದಲ್ಲಿರುವ ಲೆವುಕದ ನಾವಿಕ ಶಾಲೆ ಆ ವರ್ಷ ಮೊದಲ ಸಲ ಹುಡುಗಿಯರನ್ನೂ ತೆಗೆದುಕೊಳ್ಳುವುದಾಗಿ ಹೇಳಿತ್ತು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ಕಳಿಸಬೇಕು, ಶುಕ್ರವಾರ ಸಂಜೆ ನಾಲ್ಕು ಗಂಟೆಯೊಳಗೆ. ಸೋಮವಾರ ಅವಳು ಶಾಲೆಯ ವಿಳಾಸ ಬರೆದಳು, ಚಹಾ ಬಂತು. ಮತ್ತೆ ಬರೆದಳು, ಇನ್ನೂ ಸ್ವಲ್ಪ ಬಿಸಿ ಚಹಾ ಬಂತು.

“ಸುವಾ ಪೇಟೆಗೆ ಹೋಗಿ ಇಂಟರ್ನೆಟ್ ಅಂಗಡಿಯಿಂದ ಕಳಿಸ್ತೀನಿ ಅಪ್ಪ.”

“ಮನೇಲಿ ಕಂಪ್ಯೂಟರ್ ಇಟ್ಕೊಂಡು ಅಂಗಡೀಲಿ ಕೂರ್ತೀಯಾ? ನನ್ನ ಮಗಳು ಮನೆಯಿಂದಾನೇ ಅರ್ಜಿ ಹಾಕ್ತಾಳೆ ಅಂತ ಚರ್ಚಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಿದೀನಿ. ಪದಾರಥ್‌ನ ಕರೆಸ್ತೀನಿ ಇರು.”

ಪದಾರಥ್ ಎದುರು ಮನೆಯವನು. ರೇಡಿಯೊ, ಟಿವಿ, ಈಚೆಗೆ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಯಾರ ಮುಲಾಜೂ ಇಲ್ಲದ ಮನುಷ್ಯ. ಮಂಗಳವಾರ ಬಂದವನು ಕುರ್ಚಿ ಕೇಳಿದ. ಚಾಪೆಯ ಮೇಲೆ ಮಕೆರೇತ ಅತ್ತೆ ಇದ್ದುದರಿಂದ ಕುರ್ಚಿ ಸಿಗಲಿಲ್ಲ. ನೆಲದ ಮೇಲೆ ಕೂತು, ಮಂಡಿ ಹಿಡಿದುಕೊಂಡು, ಏಳು ಪಟ್ಟಿಗಳನ್ನೂ ನೋಡಿ ದೊಡ್ಡದಾಗಿ ಉಸಿರು ಬಿಟ್ಟ.

“ಇದಕ್ಕೆ ಸ್ಪೈವೇರ್ ಅಂತಾರೆ ಮಾರಾಯ. ನೀನು ಏನು ನೋಡ್ತೀಯ, ಏನು ಬರೀತೀಯ, ಎಲ್ಲಾನೂ ಎಲ್ಲೋ ಕೂತಿರೋ ಕಳ್ಳನಿಗೆ ಒಪ್ಪಿಸ್ತಾ ಇರುತ್ತೆ.”

“ಅತ್ತೇನೂ ಅದನ್ನೇ ಮಾಡ್ತಾರೆ. ಅವರನ್ನ ಹೊರಗೆ ಹಾಕಕ್ಕಾಗುತ್ತಾ?” ಎಂದು ಕಮಿನಿಯೇಲಿ ಪಿಸುಗುಟ್ಟಿದ. ಅತ್ತೆಗೆ ಕೇಳಿಸಿತು, ಆದರೆ ಅವಳು ಅದನ್ನು ಸಾಯಂಕಾಲ ಬೇರೆಯವರ ಮನೆಯಲ್ಲಿ ಹೇಳಲೆಂದು ಎತ್ತಿಟ್ಟುಕೊಂಡಳು.

ಪದಾರಥ್ ಎಲ್ಲೆಲ್ಲೋ ಒತ್ತಿ ಏಡಿಯನ್ನು ತೆಗೆಯುವ ಜಾಗಕ್ಕೆ ಬಂದ. ಅಲ್ಲಿ ಏಡಿ ಟೋಪಿಯನ್ನು ಕೊಂಡಿಯಲ್ಲಿ ಹಿಡಿದು ನಿಂತಿತ್ತು. ಕಣ್ಣಲ್ಲಿ ಒಂದು ಹನಿ. ‘ನಿಜವಾಗಿಯೂ ನನ್ನನ್ನು ಕಳಿಸಿಬಿಡುತ್ತೀರಾ? ನನಗೆ ಹೋಗಲು ಬೇರೆ ಜಾಗವಿಲ್ಲ.’

“ಒತ್ತು” ಎಂದು ಪದಾರಥ್ ಮೌಸನ್ನು ಅವನ ಕಡೆ ದೂಡಿದ.

“ನೀನೇ ಒತ್ತಪ್ಪ.”

“ನಿನ್ನ ಮನೆ, ನಿನ್ನ ಅತಿಥಿ. ನಾನು ಒತ್ತೋದು, ನಾಳೆ ನೀನು ಪದಾರಥ್ ನಮ್ಮನೆ ನೆಂಟರನ್ನ ಓಡಿಸಿದ ಅಂತ ಊರೆಲ್ಲಾ ಹೇಳೋದು. ಆ ಆಟ ಬೇಡ.”

“ಅಳ್ತಾ ಇದೆ ಪದಾರಥ್.”

“ಚಿತ್ರ ಕಣಯ್ಯ ಅದು! ಚಿತ್ರ!”

“ಚಿತ್ರ ಬರೆದವನಿಗಾದ್ರೂ ಅಳು ಬಂದಿರಬೇಕಲ್ಲ?”

ಕೊನೆಗೆ ಕಮಿನಿಯೇಲಿ ಕಣ್ಣುಮುಚ್ಚಿ ‘ಆಮೇಲೆ ನೆನಪಿಸಿ’ ಎಂಬ ಗುಂಡಿ ಒತ್ತಿದ. ಏಡಿ ಕುಣಿಯಿತು. ಒಂದನ್ನೇ ತೆಗೆದರೆ ಪ್ರಯೋಜನವೂ ಇಲ್ಲ, ಉಳಿದವು ಸೇರಿ ಅದನ್ನು ವಾಪಸು ಕರೆಸಿಕೊಳ್ಳುತ್ತವೆ, ಎಲ್ಲವನ್ನೂ ಒಟ್ಟಿಗೇ ಕಿತ್ತುಹಾಕಬೇಕು ಎಂದು ಪದಾರಥ್ ಹೇಳಿದಾಗಂತೂ ಕಮಿನಿಯೇಲಿಯ ಕಣ್ಣು ತುಂಬಿ ಬಂತು. “ನೋಡಿದ್ಯಾ? ತಮ್ಮೋರನ್ನ ಬಿಟ್ಟುಕೊಡಲ್ಲ.” ಪದಾರಥ್ ಹಲ್ಲು ಕಚ್ಚಿಕೊಂಡು ಕಾವಲಿಗೆಂದು ತನ್ನದೊಂದು ಪ್ರೋಗ್ರಾಂ ಹಾಕಿ, ಇದಿಷ್ಟಾದರೂ ಇರಲಿ, ಇನ್ನು ಹೊಸಬರು ಬರದ ಹಾಗೆ ತಡೆಯುತ್ತದೆ ಎಂದು ಹೇಳಿ ಎದ್ದುಹೋದ.

ಗುರುವಾರ ಸಂಜೆ ಮನೆಯಲ್ಲಿ ಸಭೆ ಸೇರಿತು. ಕರೆದವರು ಯಾರೂ ಇಲ್ಲ. ಕಮಿನಿಯೇಲಿ ಪಟ್ಟಿಗಳನ್ನು ತೆಗೆಸುತ್ತಾನಂತೆ ಎಂಬ ಸುದ್ದಿಯೇ ಎಲ್ಲರನ್ನೂ ಎಳೆದು ತಂದಿತ್ತು. ನಡುವೆ ಮರದ ಬೋಗುಣಿ, ಬೋಗುಣಿಯ ತುಂಬ ಬೇರು ಕುಟ್ಟಿ ಕಲಸಿದ ಯಂಗೋನವೆಂಬ ಅಮಲಿನ ಪೇಯ, ಸುತ್ತ ಒಂಬತ್ತು ಜನ. ತೆಂಗಿನ ಚಿಪ್ಪು ಎರಡು ಸುತ್ತು ಬಂದ ಮೇಲೆ ಮಾತು ಶುರುವಾಯಿತು.

“ಭವಿಷ್ಯದ ಪಟ್ಟಿಗೆ ಯಾರೂ ಕೈ ಹಚ್ಚಬೇಡಿ. ನನ್ನ ಮಂಡಿನೋವು ಹೋಗುತ್ತೆ ಅಂತ ಹೇಳಿತ್ತು. ಎಡಗಾಲಿಂದು ಹೋಯಿತು, ಬಲಗಾಲಿಂದು ಬಾಕಿ ಇದೆ” ಎಂದಳು ಮಕೆರೇತ ಅತ್ತೆ.

ಮೀನು ಹಿಡಿಯುವ ದಾಯಾದಿ ಹವಾಮಾನದ ಪಟ್ಟಿಯ ಪರವಾಗಿ ನಿಂತ. ಅದು ತೋರಿಸುವುದು ಯಾವುದೋ ಚಳಿಯ ದೇಶದ ಹವಾಮಾನ ಎಂದು ಉನೈಸಿ ಹೇಳಿದಳು. “ಯಾವ ದೇಶದ್ದಾದ್ರೆ ಏನಮ್ಮ? ಹೋದ ತಿಂಗಳು ಹಿಮ ಬೀಳುತ್ತೆ ಅಂತು. ನಾನು ಹೆದರಿ ಸಮುದ್ರಕ್ಕೆ ಇಳೀಲಿಲ್ಲ. ಅವತ್ತೇ ಬಿರುಗಾಳಿ ಬಂತು! ಜೀವ ಉಳಿಸಿದೆ ಅದು ನಂದು.”

ಇನೋಕೆ ಬಹುಮಾನದ ಪಟ್ಟಿಯ ಕಡೆಯವನು. ದಿನವೂ ಬಂದು ಅದನ್ನು ಒತ್ತುತ್ತಿದ್ದ, ದಿನವೂ ಅದು ಅವನಿಗೆ ‘ನೀವು ಗೆದ್ದಿದ್ದೀರಿ’ ಎನ್ನುತ್ತಿತ್ತು. “ಹನ್ನೊಂದು ಕಾರು ಗೆದ್ದಿದೀನಿ ಭಾವ. ಒಂದಾದ್ರೂ ಹಡಗಲ್ಲಿ ಬಂದು ಇಳಿಯೋ ತನಕ ತಡೀರಿ. ಹನ್ನೆರಡನೇದು ನಿಮಗೇ ಕೊಡ್ತೀನಿ.”

ಹೀಗೆ ಏಳು ಪಟ್ಟಿಗೂ ಏಳು ವಕೀಲರು ಸಿಕ್ಕರು. ಆದರೂ ಏನನ್ನಾದರೂ ತೆಗೆಯಲೇಬೇಕು, ಇಲ್ಲದಿದ್ದರೆ ಸಭೆ ಸೇರಿದ್ದಕ್ಕೆ ಅರ್ಥವಿಲ್ಲ. ಅತ್ತೆ ಪರದೆಯ ಮೂಲೆಯಲ್ಲಿದ್ದ ಪದಾರಥ್‌ನ ಕಾವಲುಗಾರನ ಕಡೆ ಬೆರಳು ತೋರಿಸಿದಳು. “ಅದು ಯಾರದು?”

ಯಾರದೂ ಅಲ್ಲ.

“ಬಂದಾಗಿಂದ ನೋಡ್ತಾ ಇದೀನಿ. ಯಾರು ಬಾಗಿಲಿಗೆ ಬಂದ್ರೂ ‘ತಡೆದಿದೀನಿ, ತಡೆದಿದೀನಿ’ ಅನ್ನುತ್ತೆ. ಒಂದು ದಯವಿಟ್ಟು ಇಲ್ಲ, ಒಂದು ನಮಸ್ಕಾರ ಇಲ್ಲ. ಮರ್ಯಾದಸ್ಥರ ಮನೇಲಿ ಇರೋ ಬಾಯಾ ಅದು?”

ಎಲ್ಲರೂ ಬೊಗಸೆಗೈಯಲ್ಲಿ ಮೂರು ಸಲ ಚಪ್ಪಾಳೆ ಹೊಡೆದು ಒಪ್ಪಿದರು. ಕಮಿನಿಯೇಲಿಗೆ ಎದೆಯ ಮೇಲಿನ ಭಾರ ಇಳಿಯಿತು. ಕಾವಲುಗಾರ ಅಳಲಿಲ್ಲ, ಬೇಡಿಕೊಳ್ಳಲಿಲ್ಲ, ‘ತೆಗೆಯಲೇ?’ ಎಂದು ಒಂದೇ ಮಾತು ಕೇಳಿ ಹೊರಟುಹೋಯಿತು. ಹೀಗೆ ಆ ಯಂತ್ರದಲ್ಲಿದ್ದ ಒಬ್ಬನೇ ಪ್ರಾಮಾಣಿಕನನ್ನು ಸರ್ವಾನುಮತದಿಂದ ಗಡೀಪಾರು ಮಾಡಿ ಸಭೆ ಮುಗಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉನೈಸಿ ಬೆನ್ನು ತಿರುಗಿಸಿ ಒಳಗೆ ಹೋದಳು.

ಶುಕ್ರವಾರ ಬೆಳಗಿನ ಹೊತ್ತಿಗೆ ಕಾವಲಿಲ್ಲದ ಮನೆಗೆ ಯಾರ್ಯಾರೋ ಬಂದಿದ್ದರು. ಪಟ್ಟಿಗಳು ಹನ್ನೊಂದಾಗಿ, ಓದುವ ಜಾಗ ಒಂದು ಗೆರೆಯಷ್ಟಾಗಿ, ಏಡಿ ಎಲ್ಲದರ ಮೇಲೆ ಹಾಡುತ್ತ ಓಡಾಡುತ್ತಿತ್ತು. ಉನೈಸಿ ಸುವಾಗೆ ಹೋಗಲು ಚಪ್ಪಲಿ ಮೆಟ್ಟಿ ಹೊರಟಳು. ಇಡೀ ರಾತ್ರಿ ಸುರಿದ ಮಳೆಗೆ ಸೇತುವೆಯ ಮೇಲೆ ನೀರು ಹತ್ತಿ ಬಸ್ಸುಗಳು ನಿಂತಿದ್ದವು. ಮಧ್ಯಾಹ್ನದ ತನಕ ರಸ್ತೆಯಲ್ಲಿ ಕಾದು, ಒಂದೂವರೆಗೆ ನೆನೆದುಕೊಂಡು ವಾಪಸು ಬಂದು ಅಪ್ಪನ ಎದುರು ಚಾಪೆಯ ಮೇಲೆ ಕೂತಳು.

“ಅಪ್ಪ, ನಾನು ಯಾವತ್ತಾದ್ರೂ ನಿಮ್ಮನ್ನ ಏನಾದ್ರೂ ಕೇಳಿದೀನಾ?”

ಕಮಿನಿಯೇಲಿ ಯೋಚಿಸಿದ. ಪುಸ್ತಕ? ಶೂ? ಹುಟ್ಟುಹಬ್ಬಕ್ಕೆ ಏನಾದರೂ? ಎಷ್ಟು ಹಿಂದಕ್ಕೆ ಹೋದರೂ ಒಂದೂ ನೆನಪಾಗಲಿಲ್ಲ.

“ಕೇಳಿಲ್ಲ. ನನ್ನ ಸರದಿ ಬರೋ ಹೊತ್ತಿಗೆ ಮನೇಲಿ ಏನೂ ಉಳಿದಿರ್ತಿರಲಿಲ್ಲ. ಊರೋರಿಗೆಲ್ಲಾ ಹೂಂ ಅಂದ್ರಿ, ಆ ಏಡಿಗೂ ಹೂಂ ಅಂದ್ರಿ. ಈಗ ನಾನು ಕೇಳ್ತಾ ಇದೀನಿ. ಕೆರೆಕೆರೆ ಅಪ್ಪ. ಅದನ್ನ ಕಳಿಸಿ.”

ಕಮಿನಿಯೇಲಿಗೆ ಜೀವ ಹಿಂಡಿದಂತಾಯಿತು. ಅದರ ಜೊತೆಗೆ ತಲೆಯೂ ಕೆಟ್ಟಿತು. ಇತ್ತ ಮಗಳು ಕ್ರಮವಾಗಿ ಕೇಳಿದ್ದಾಳೆ, ಇಲ್ಲ ಎನ್ನುವಂತಿಲ್ಲ. ಅತ್ತ ಏಡಿ ಇರಲು ಬಿಡಿ ಎಂದು ಕೇಳಿದೆ, ಅದಕ್ಕೂ ಇಲ್ಲ ಎನ್ನುವಂತಿಲ್ಲ. ನಮ್ಮ ಹಿರಿಯರು ಅಷ್ಟೆಲ್ಲ ಕಟ್ಟಳೆ ಮಾಡಿಟ್ಟವರು ಇಂಥ ಮೊಕದ್ದಮೆ ಬರಬಹುದೆಂದು ಊಹಿಸಿರಲಿಲ್ಲ. ಅವನು ಹತ್ತು ನಿಮಿಷ ಗೋಡೆ ನೋಡಿದ. ಆಮೇಲೆ ಮುಖ ಬೆಳಗಿತು.

“ಅತಿಥೀನ ಓಡಿಸಕ್ಕಾಗಲ್ಲ. ಆದ್ರೆ ಬೀಳ್ಕೊಡಬಹುದಲ್ಲ! ಸಾಂಗವಾಗಿ ಬೀಳ್ಕೊಟ್ರೆ ಯಾವ ಅತಿಥಿಯಾದ್ರೂ ಎದ್ದು ಹೋಗಲೇಬೇಕು. ಆರಿಯೇತಾ, ಬೇರು ಕುಟ್ಟು! ಇನೋಕೆನ ಕರಿ! ಪದಾರಥ್‌ನ ಕರಿ!”

ಎರಡೂವರೆಗೆ ಕಂಪ್ಯೂಟರಿನ ಎದುರು ಚಾಪೆ ಹಾಸಿ ಬೋಗುಣಿ ಇಡಲಾಯಿತು. ಮಕೆರೇತ ಅತ್ತೆ ಹಿರಿತಲೆಯ ಜಾಗದಲ್ಲಿ, ಫೋನಿನ ಪಕ್ಕಕ್ಕೆ ಕೂತಳು. ಬೀಳ್ಕೊಡುಗೆಯೆಂದರೆ ಹೊರಡುವವರ ಪರವಾಗಿ ಉತ್ತರ ಹೇಳಲು ಒಬ್ಬ ಬೇಕು. “ಏಡಿ ಕಡೆಗೆ ನಾನು” ಎಂದು ಇನೋಕೆ ಆ ಬದಿಗೆ ಸರಿದು ಕೂತ. ಅವನು ಕಮಿನಿಯೇಲಿಯ ಸುಲುವನ್ನೇ ಉಟ್ಟಿದ್ದ. ಮೊದಲ ಚಿಪ್ಪು ಮುಖ್ಯ ಅತಿಥಿಗೆ ಸಲ್ಲಬೇಕೆಂದು ಕಮಿನಿಯೇಲಿ ಪರದೆಯ ಹತ್ತಿರ ಒಯ್ದ.

“ಕರೆಂಟ್ ಇದೆಯೋ ಮಾರಾಯ!” ಎಂದು ಪದಾರಥ್ ಕಿರುಚಿದ.

ಹಾಗಾಗಿ ಏಡಿಯ ಪಾಲನ್ನು ಇನೋಕೆಯೇ ಕುಡಿದ. ಹನ್ನೊಂದು ಪಟ್ಟಿಗಳ ಪಾಲಿನ ಹನ್ನೊಂದು ಚಿಪ್ಪನ್ನೂ ಅವನೇ ಕುಡಿಯಬೇಕಾಗಿ ಬಂತು. ಐದನೆಯ ಚಿಪ್ಪಿಗೆ ಅವನ ನಾಲಿಗೆ ಮರಗಟ್ಟಿತು. ಕಮಿನಿಯೇಲಿ ಭಾಷಣಕ್ಕೆ ತೊಡಗಿದ.

“ಕಡಲಾಚೆಯಿಂದ ನಮ್ಮ ಬಡ ಮನೆಗೆ ದಯಮಾಡಿಸಿದ ಗೌರವಾನ್ವಿತ ಏಡಿಯವರೇ, ಹವಾಮಾನದ ಕುಲಸ್ಥರೇ, ಭವಿಷ್ಯದ ಕುಲಸ್ಥರೇ, ಚಹಾದ ಮನೆತನದವರೇ...”

“ಗಂಟೆ ಮೂರು!” ಎಂದ ಪದಾರಥ್.

“...ನಿಮ್ಮ ಉಪಚಾರದಲ್ಲಿ ನಾವು ಏನಾದರೂ ಕೊರತೆ ಮಾಡಿದ್ದರೆ, ಓದುವ ಜಾಗವನ್ನು ನಿಮಗೆ ಪೂರ್ತಿಯಾಗಿ ಬಿಟ್ಟುಕೊಡದೆ ನಾಲ್ಕು ಬೆರಳು ಉಳಿಸಿಕೊಂಡಿದ್ದರೆ...”

“ಅಪ್ಪ” ಎಂದಳು ಉನೈಸಿ.

“...ಕ್ಷಮಿಸಬೇಕು.”

ಇನೋಕೆ ಉತ್ತರ ಕೊಟ್ಟ. ದಪ್ಪಗಾದ ನಾಲಿಗೆಯಲ್ಲಿ ಹತ್ತು ನಿಮಿಷ ಮಾತಾಡಿದ. ಈ ಮನೆಯಲ್ಲಿ ತಮಗೆ ಯಾವ ಕುಂದೂ ಆಗಲಿಲ್ಲವೆಂದೂ, ಇಂಥ ಮನೆ ಲೋಕದಲ್ಲಿಲ್ಲವೆಂದೂ, ಇನ್ನು ಅಪ್ಪಣೆಯಾಗಬೇಕೆಂದೂ ಹೇಳಿ, ನಡುವೆ ಕಾರುಗಳ ವಿಳಾಸ ಲಮಿಯೇ ಎಂದು ಖಚಿತಪಡಿಸಿ, ತನ್ನ ಮಾತಿಗೆ ತಾನೇ ಅತ್ತ. ಅತ್ತೆಯೂ ಮೂಗು ಒರೆಸಿಕೊಂಡಳು. ಮೂರು ಇಪ್ಪತ್ತಕ್ಕೆ ಕಮಿನಿಯೇಲಿ ಮೌಸ್ ಹಿಡಿದ. ಅಪ್ಪಣೆ ಕೇಳಿ ಆಗಿತ್ತು, ಕೊಟ್ಟೂ ಆಗಿತ್ತು, ಅವನ ಮನಸ್ಸು ಹಗುರವಾಗಿತ್ತು. ‘ನಿಜವಾಗಿಯೂ?’ ಎಂದು ಏಡಿ ಒಂದೊಂದು ಸಲ ಕೇಳಿದಾಗಲೂ “ಕ್ಷೇಮವಾಗಿ ಹೋಗಿಬನ್ನಿ” ಎಂದು ತಲೆಬಾಗಿ ಒತ್ತಿದ. ಕೊನೆಯಲ್ಲಿ ‘ನಮ್ಮನ್ನು ಕಳಿಸುವುದಕ್ಕೆ ಕಾರಣ ಬರೆಯಿರಿ’ ಎಂದು ಬಂದಾಗ ಅವನು ಕನ್ನಡಕ ಸರಿಮಾಡಿಕೊಂಡು ಬರೆಯಲು ಕೂತ. ಪದಾರಥ್ ಮೌಸ್ ಕಿತ್ತುಕೊಂಡ.

ಯಂತ್ರ ನಿಂತು, ಮತ್ತೆ ಶುರುವಾಗಿ, ಫೋನಿನ ತಂತಿಯಲ್ಲಿ ಕೀಚಲು ದನಿಯೆಲ್ಲ ಮುಗಿದು ಇಂಟರ್ನೆಟ್ ಹಿಡಿಯುವಾಗ ಮೂರು ನಲವತ್ತೈದು. ಶಾಲೆಯ ಪುಟ ಪರದೆ ತುಂಬ ಅರಳಿತು. ಎಲ್ಲರೂ ಬಾಯಿ ಬಿಟ್ಟು ನೋಡಿದರು.

“ಇಷ್ಟು ದೊಡ್ಡದಾಗಿತ್ತಾ ಇದು?” ಎಂದಳು ಅತ್ತೆ.

ಉನೈಸಿಯ ಬೆರಳುಗಳು ಓಡಿದವು. ಹೆಸರು, ಅಂಕ, ಈಜು ಬರುತ್ತದೆಯೇ, ಕತ್ತಲೆಂದರೆ ಹೆದರಿಕೆಯೇ. ಮೂರು ಐವತ್ಮೂರಕ್ಕೆ ‘ಕಳಿಸು’ ಒತ್ತಿದಳು. ಅರ್ಜಿ ಆಮೆನಡಿಗೆಯಲ್ಲಿ ಹೊರಟಿತು. ಅಷ್ಟರಲ್ಲಿ ಮಕೆರೇತ ಅತ್ತೆಗೆ ತಂಗಿಯ ನೆನಪಾಯಿತು.

“ಲಂಬಾಸಾದಲ್ಲೂ ಮಳೆಯಂತೆ. ತಂಗಿಗೆ ಒಂದು ಫೋನ್ ಮಾಡ್ತೀನಿ ಕಮಿನಿಯೇಲಿ.”

“ಮಾಡಿ ಅತ್ತೆ, ಅದಕ್ಕೆ ಕೇಳಬೇಕೇ?” ಎಂದ ಕಮಿನಿಯೇಲಿ. ಅವನ ಬಾಯಿಗೆ ಬೇರೆ ಮಾತೇ ಬರುತ್ತಿರಲಿಲ್ಲ.

ಫೋನ್ ಎತ್ತಿದರೆ ಇಂಟರ್ನೆಟ್ ಕಡಿಯುತ್ತದೆ. ಪದಾರಥ್ “ಅಯ್ಯೋ!” ಎನ್ನುವುದರೊಳಗೆ ಉನೈಸಿ ನೆಗೆದಳು. “ಮುಟ್ಟಬೇಡಿ!” ಎಂದು ಕೂಗಿ, ಕೂತಿದ್ದ ಅತ್ತೆಯ ತಲೆಯ ಮೇಲಿಂದ ಕೈ ಚಾಚಿ, ಫೋನನ್ನು ಒತ್ತಿ ಹಿಡಿದಳು.

ಹಿರಿಯರ ತಲೆಯ ಮೇಲಿಂದ ಕೈ! ಮೇಲಿನ ಅಟ್ಟಣಿಗೆಯಿಂದ ಏನಾದರೂ ತೆಗೆಯಬೇಕಾದರೂ ಹಿರಿಯರ ಅಪ್ಪಣೆ ಕೇಳಿ ತಗ್ಗಿ ಬಗ್ಗಿ ತೆಗೆಯುವ ಜನ ನಾವು. ಇನೋಕೆಯ ಅಮಲು ಅರೆಗಳಿಗೆಯಲ್ಲಿ ಇಳಿದುಹೋಯಿತು. ಮೂರು ಐವತ್ತೇಳಕ್ಕೆ ಪರದೆಯ ಮೇಲೆ ‘ನಿಮ್ಮ ಅರ್ಜಿ ತಲುಪಿದೆ’ ಎಂದು ಮೂಡಿತು. ಅದನ್ನು ನೋಡಿದವನು ಪದಾರಥ್ ಒಬ್ಬನೇ. ಉಳಿದವರು ಅತ್ತೆಯ ತಲೆ ಇನ್ನೂ ಸ್ವಸ್ಥಾನದಲ್ಲಿದೆಯೇ ಎಂದು ನೋಡುತ್ತಿದ್ದರು. ಅತ್ತೆ ತಲೆಗೂದಲು ಸವರಿಕೊಂಡು, ಎದ್ದು, ಮಳೆಯಲ್ಲೇ ಮನೆಗೆ ಹೋದಳು.

ಸಂಜೆಗೆ ಹುಡುಗಿ ಅತ್ತೆಯನ್ನು ತಳ್ಳಿದಳೆಂದಾಯಿತು. ಶನಿವಾರಕ್ಕೆ ತಲೆಗೆ ಫೋನಿನಿಂದ ಹೊಡೆದಳೆಂದಾಯಿತು. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಂತವರು ಪದಾರಥ್‌ನನ್ನು, ಮುದುಕಿಗೆ ಎಷ್ಟು ಹೊಲಿಗೆ ಬಿದ್ದಿತು ಎಂದು ಕೇಳಿದರು. ಅವನು ಚರ್ಚಿಗೆ ಸೇರಿದವನೂ ಅಲ್ಲ, ಮೀನು ತರಲು ಆ ದಾರಿಯಲ್ಲಿ ಹೋಗುತ್ತಿದ್ದ, ಅಷ್ಟೆ.

ತಪ್ಪೊಪ್ಪಿಗೆಗೆಂದು ಕಮಿನಿಯೇಲಿ ಯಂಗೋನ ಬೇರಿನ ಕಟ್ಟು ಹಿಡಿದು ಅತ್ತೆಯ ಮನೆಗೆ ನಾಲ್ಕು ಸಲ ಹೋದ. ನಾಲ್ಕು ಸಲವೂ ಬಾಗಿಲ ಪರದೆಯ ಹಿಂದಿನಿಂದ “ನಾನು ಮನೇಲಿಲ್ಲ ಅಂತ ಹೇಳು” ಎಂಬ ಅತ್ತೆಯ ದನಿಯೇ ಕೇಳಿಸಿತು. ಎರಡು ವಾರ ಹೀಗೇ ಕಳೆಯಿತು. ಅಷ್ಟರಲ್ಲಿ ಲೆವುಕದಿಂದ ಪತ್ರ ಬಂತು. ಶಾಲೆ ತೆಗೆದುಕೊಂಡ ಹುಡುಗಿಯರು ಇಬ್ಬರು, ಅವರಲ್ಲಿ ಉನೈಸಿ ಒಬ್ಬಳು, ಸೋಮವಾರ ಹಡಗು. ಅವಳು ಪತ್ರವನ್ನು ಮೂರು ಸಲ ಓದಿ, ಮಡಿಸಿ, ದಿಂಬಿನ ಕೆಳಗಿಟ್ಟುಕೊಂಡಳು. ಅದೇ ದಿನ ಅತ್ತೆಯಿಂದ ಕರೆಯೂ ಬಂತು, ಎಲ್ಲರೂ ಬನ್ನಿ, ಹುಡುಗಿಯನ್ನೂ ಕರೆತನ್ನಿ ಎಂದು.

ಅತ್ತೆಯ ಮನೆ ತುಂಬಿತ್ತು. ಕಮಿನಿಯೇಲಿ ತಲೆ ತಗ್ಗಿಸಿ ಕೂತು ಬೇರಿನ ಕಟ್ಟನ್ನು ಮುಂದಿಟ್ಟ. ಮಗಳ ತಪ್ಪು ತನ್ನ ತಪ್ಪು ಎಂದ. ಅತ್ತೆ ಕಟ್ಟಿನ ಕಡೆ ನೋಡಿ, ಒಪ್ಪಿಕೊಂಡ ಗುರುತಿಗೆ ಕೈ ಚಾಚಿ ಮುಟ್ಟಿದಳು. ಎಲ್ಲರೂ ಬೊಗಸೆ ಚಪ್ಪಾಳೆ ಹೊಡೆದರು. ಆರಿಯೇತಾ ಕಣ್ಣು ಒರೆಸಿಕೊಂಡಳು. ಚಿಪ್ಪು ಒಂದು ಸುತ್ತು ಬಂತು.

“ಮುಗೀತು, ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ಇನ್ನು ನಂದೊಂದು ಕೆರೆಕೆರೆ ಇದೆ ಕಮಿನಿಯೇಲಿ” ಎಂದಳು ಅತ್ತೆ.

“ಹೇಳಿ ಅತ್ತೆ.”

“ಈ ಬಲಗಾಲು ವಾಸಿಯಾಗಲಿಲ್ಲ. ನನಗೂ ವಯಸ್ಸಾಯ್ತು. ಹುಡುಗಿ ಒಂದು ವರ್ಷ ನನ್ನ ಮನೇಲಿರಲಿ. ನೀರು ಕಾಯಿಸಿ ಕೊಡ್ತಾಳೆ, ಕಾಲು ನೀವ್ತಾಳೆ. ಹಡಗು ಎಲ್ಲಿ ಓಡಿಹೋಗುತ್ತೆ? ಮುಂದಿನ ವರ್ಷಾನೂ ಸಮುದ್ರ ಇರುತ್ತೆ.”

ಜನ ತಲೆಯಾಡಿಸಿದರು. ತಪ್ಪು ಮಾಡಿದ ಹುಡುಗಿಗೆ ಇದಕ್ಕಿಂತ ಹಗುರವಾದ ಪರಿಹಾರ ಇನ್ನೇನಿದೆ ಎಂದು ಹಿಂದಿನ ಸಾಲಿನವರು ಗಟ್ಟಿಯಾಗಿಯೇ ಹೇಳಿದರು. ಇನೋಕೆ ಆಗಲೇ ಹೂಂ ಎಂದುಬಿಟ್ಟಿದ್ದ. ಆರಿಯೇತಾ ಚಾಪೆಯ ಅಂಚನ್ನು ಹಿಡಿದು ಕೂತಳು. ಅಪ್ಪನ ಬೆನ್ನ ಹಿಂದೆ ಉನೈಸಿ ತಲೆ ಎತ್ತಲಿಲ್ಲ, ಆದರೆ ಅವಳ ಉಸಿರು ಕಮಿನಿಯೇಲಿಯ ಕತ್ತಿಗೆ ತಗಲುತ್ತಿತ್ತು. ಅವನು ಬಾಯಿ ತೆರೆದ. ಅರುವತ್ತು ವರ್ಷಗಳಿಂದ ಆ ಬಾಯಿ ತೆರೆದರೆ ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಅತ್ತೆ ಮುಂದಿನ ಚಿಪ್ಪಿಗೆ ಕೈ ಚಾಚಿಯೂ ಆಗಿತ್ತು.

“ಆಗಲ್ಲ ಅತ್ತೆ” ಎಂದ ಕಮಿನಿಯೇಲಿ.

ಚಿಪ್ಪು ಗಾಳಿಯಲ್ಲೇ ನಿಂತಿತು. “ಏನಂದೆ?”

“ಆಗಲ್ಲ ಅಂದೆ.”

“ಭಾವನಿಗೆ ಹುಷಾರಿಲ್ಲ” ಎಂದು ಇನೋಕೆ ಗಾಬರಿಯಿಂದ ಎದ್ದ. “ಮಳೇಲಿ ನೆಂದಿದಾರೆ. ಯಾರಾದ್ರೂ ನೀರು ತನ್ನಿ!” ಹಿಂದಿನ ಸಾಲಿನವರೊಬ್ಬರು ಬೀಸಣಿಗೆ ಹುಡುಕಿದರು. ಆರಿಯೇತಾ ಮಂಡಿಯ ಮೇಲೆ ಮುಂದಕ್ಕೆ ಸರಿದು ಗಂಡನ ಹಣೆಯ ಮೇಲೆ ಅಂಗೈ ಇಟ್ಟಳು.

ಕಮಿನಿಯೇಲಿ ಆ ಕೈಯನ್ನು ಮೆಲ್ಲಗೆ ಇಳಿಸಿ ತನ್ನ ಕೈಯಲ್ಲಿ ಇಟ್ಟುಕೊಂಡ.

“ಜ್ವರ ಇಲ್ಲ ಕಣೇ. ಹುಡುಗೀನ ಕೊಡಲ್ಲ, ಅಷ್ಟೆ.”